ಹೊಸ ಕಾರ್ಮಿಕ ಸಂಹಿತೆಗಳು: ಬೆಳಗಾವಿಯ ಸಣ್ಣ ವರ್ಕ್‌ಶಾಪ್ ತನ್ನ ಪಗಾರದ ವಹಿಯನ್ನು ಸಿದ್ಧಪಡಿಸಿಕೊಳ್ಳುವ ಬಗೆ

ಉದ್ಯಮಬಾಗದಲ್ಲಿ ಎರಡು ಲೇತ್ ಹಾಕಿಕೊಂಡು ಜಾಬ್‌ವರ್ಕ್ ಆರಂಭಿಸಿದವರು ಹತ್ತು ವರ್ಷಗಳಲ್ಲಿ ಹದಿನೈದು ಇಪ್ಪತ್ತು ಜನರಿಗೆ ಪಗಾರ ಕೊಡುವ ಮಾಲೀಕರಾಗುತ್ತಾರೆ. ಆದರೆ ಪಗಾರದ ಲೆಕ್ಕ ಮಾತ್ರ ಮೊದಲ ದಿನದ ಅದೇ ಕೆಂಪು ವಹಿಯಲ್ಲಿ, ಅದೇ ಮಾಲೀಕರ ಅಕ್ಷರದಲ್ಲಿ, ಅವರಿಗೆ ಮಾತ್ರ ಅರ್ಥವಾಗುವ ಗುರುತುಗಳಲ್ಲಿ ಉಳಿದಿರುತ್ತದೆ. ಮಚ್ಛೆಯ ಫೌಂಡ್ರಿ ಇರಲಿ, ಶಹಾಪುರದ ಮಗ್ಗದ ಶೆಡ್ ಇರಲಿ, ಖಡೇಬಜಾರದ ಬಟ್ಟೆ ಅಂಗಡಿ ಇರಲಿ, ಪರಿಸ್ಥಿತಿ ಹೆಚ್ಚು ಭಿನ್ನವಾಗಿಲ್ಲ. ಇಂತಹ ಹಲವು ಘಟಕಗಳ ಲೆಕ್ಕಪತ್ರ ನೋಡಿಕೊಳ್ಳುವ ನನಗೆ ಈಚೆಗೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಹೊಸ ಕಾನೂನಿನಿಂದ ಖರ್ಚು ಎಷ್ಟು ಹೆಚ್ಚುತ್ತದೆ? ಖರ್ಚಿನ ಉತ್ತರ ವಹಿಯಲ್ಲಿಯೇ ಇದೆ. ಬಾಯಿಮಾತಿನ ಒಪ್ಪಂದ ಕಾಗದಕ್ಕೆ ಇಳಿಯದ ಹೊರತು ಆ ಉತ್ತರ ಸಿಗುವುದಿಲ್ಲ ಎಂಬುದು ನನ್ನ ಅನುಭವವಾದ್ದರಿಂದ, ಈ ಲೇಖನದ ಹೆಚ್ಚಿನ ಭಾಗ ಆ ಕೆಲಸಕ್ಕೇ ಮೀಸಲಾಗಿದೆ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುವುದಾದರೆ, 29 ಹಳೆಯ ಕೇಂದ್ರ ಕಾರ್ಮಿಕ ಕಾನೂನುಗಳ ಸ್ಥಾನದಲ್ಲಿ 4 ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಅವು 2019ರ ವೇತನ ಸಂಹಿತೆ ಹಾಗೂ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ, ಸಾಮಾಜಿಕ ಭದ್ರತಾ ಸಂಹಿತೆ ಮತ್ತು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ. ನಮ್ಮಂತಹ ಖಾಸಗಿ ಸಣ್ಣ ಘಟಕಗಳಿಗೆ ನಮೂನೆ, ದಾಖಲೆ, ಅರ್ಜಿಗಳ ವಿವರವನ್ನು ಬಹುಮಟ್ಟಿಗೆ ನಿಗದಿಪಡಿಸುವುದು ರಾಜ್ಯ ಸರ್ಕಾರದ ನಿಯಮಗಳು. ಹೊಸ ನಿಯಮಗಳು ಜಾರಿಯಾಗುವವರೆಗೆ ಹಳೆಯ ನಿಯಮಗಳು ಸಂಹಿತೆಗೆ ವಿರುದ್ಧವಾಗದಷ್ಟರ ಮಟ್ಟಿಗೆ ಮುಂದುವರಿಯುತ್ತವೆ. ಆದ್ದರಿಂದ ನಿಯಮ ಬಂದ ಮೇಲೆ ನೋಡೋಣ ಎಂದು ಕೈಕಟ್ಟಿ ಕುಳಿತುಕೊಳ್ಳುವುದಕ್ಕೆ ಆಧಾರವಿಲ್ಲ. ನಮೂನೆ ಬದಲಾಗಬಹುದು, ಕರ್ತವ್ಯ ಈಗಲೇ ಇದೆ.

ಮೊದಲ ಹೆಜ್ಜೆ: ಜನರನ್ನು ಎಣಿಸಿರಿ

ಒಂದು ಹಾಳೆಯ ಮೇಲೆ ನಿಮ್ಮಲ್ಲಿ ದುಡಿಯುವ ಪ್ರತಿಯೊಬ್ಬರ ಹೆಸರು, ಸೇರಿದ ದಿನಾಂಕ, ಕೆಲಸ, ಪಗಾರ ಮತ್ತು ಅದನ್ನು ಕೊಡುವ ರೀತಿಯನ್ನು ಬರೆಯಿರಿ. ಟರ್ನರ್, ಫಿಟ್ಟರ್, ಹೆಲ್ಪರ್ ಮಾತ್ರವಲ್ಲದೆ ಆಫೀಸಿನಲ್ಲಿ ಬಿಲ್ ಬರೆಯುವವರು, ರಾತ್ರಿ ವಾಚಮನ್, ಕಸಗುಡಿಸಲು ಬರುವ ಅವ್ವ, ಪಗಾರ ಪಡೆಯುವ ನಿಮ್ಮ ಅಳಿಯನವರು, ಫೆಟ್ಲಿಂಗ್ (ಎರಕದ ಒರಟು ಅಂಚುಗಳನ್ನು ಉಜ್ಜಿ ಸವರುವ) ಕೆಲಸಕ್ಕೆ ಗುತ್ತಿಗೆದಾರರು ಕಳುಹಿಸುವ ಹುಡುಗರು ಎಲ್ಲರೂ ಈ ಹಾಳೆಯಲ್ಲಿ ಇರಬೇಕು. ವಹಿಯಲ್ಲಿ 9 ಹೆಸರು, ಶೆಡ್ಡಿನಲ್ಲಿ 14 ಜನ ಎಂಬ ಸ್ಥಿತಿ ಅಪರೂಪವೇನಲ್ಲ. ಅದನ್ನು ಮುಚ್ಚಿಡುವ ಜಾಣತನಕ್ಕೆ ಕೊನೆಗೆ ಬಹಳ ಬೆಲೆ ತೆರಬೇಕಾಗುತ್ತದೆ. ಯಾಕೆಂದರೆ ಅಪಘಾತವಾದ ದಿನ ಆ ಐದು ಜನರಲ್ಲಿ ಒಬ್ಬರ ಬೆರಳು ಮಷಿನ್ನಿಗೆ ಸಿಕ್ಕಿದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಭರಿಸಬೇಕಾದ ಹೊಣೆಯೆಲ್ಲ ಮಾಲೀಕರ ಜೇಬಿಗೆ ಬರುತ್ತದೆ.

ಎಣಿಕೆ ಏಕೆ ಮುಖ್ಯವೆಂದರೆ ಕಾನೂನಿನ ಹೊಣೆಗಳು ಸಂಖ್ಯೆಯ ಮೇಲೆ ನಿಂತಿವೆ. ಕನಿಷ್ಠ ವೇತನ ಮತ್ತು ಸಕಾಲದಲ್ಲಿ ವೇತನ ಪಾವತಿಗೆ ಯಾವ ಮಿತಿಯೂ ಇಲ್ಲ. ಒಬ್ಬರೇ ಹೆಲ್ಪರ್ ಇದ್ದರೂ ಅವು ಅನ್ವಯಿಸುತ್ತವೆ. 10 ಜನರಾದೊಡನೆ ಇಎಸ್‌ಐ, ಗ್ರಾಚ್ಯುಟಿ (ಸೇವೆ ಮುಗಿದಾಗ ಕೊಡುವ ಇಡುಗಂಟು) ಮತ್ತು ಸುರಕ್ಷತಾ ಸಂಹಿತೆಯ ನೋಂದಣಿ ಬರುತ್ತವೆ. 20 ಜನರಾದರೆ ಭವಿಷ್ಯ ನಿಧಿ, ಬೋನಸ್ ಮತ್ತು ಕುಂದುಕೊರತೆ ಪರಿಹಾರ ಸಮಿತಿ. 50 ಜನರಿದ್ದಲ್ಲಿ ಶಿಶುಪಾಲನಾ ಕೇಂದ್ರದ ಹೊಣೆ ಸೇರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ವಿದ್ಯುತ್ ಬಳಸುವ ಘಟಕವನ್ನು ‘ಕಾರ್ಖಾನೆ’ ಎಂದು ಕರೆಯಲು ಹಿಂದೆ 10 ಕಾರ್ಮಿಕರು ಸಾಕಾಗುತ್ತಿದ್ದರು, ಈಗ 20 ಬೇಕು. ವಿದ್ಯುತ್ ಇಲ್ಲದಿದ್ದರೆ 20ರ ಬದಲು 40. ಇದನ್ನು ಕೇಳಿದ 12 ಜನರ ಘಟಕದ ಕೆಲವು ಮಾಲೀಕರು ತಾವು ಕಾನೂನಿನಿಂದಲೇ ಪಾರಾದೆವೆಂದು ಭಾವಿಸಿದ್ದಾರೆ. ಅವರು ‘ಕಾರ್ಖಾನೆ’ಯ ವ್ಯಾಖ್ಯೆಯಿಂದ ಹೊರಗೆ ಬಂದಿರಬಹುದು, ಆದರೆ 10 ಅಥವಾ ಹೆಚ್ಚು ಕಾರ್ಮಿಕರಿರುವ ‘ಸಂಸ್ಥೆ’ಯಾಗಿ ಸುರಕ್ಷತಾ ಸಂಹಿತೆಯ ಒಳಗೇ ಇದ್ದಾರೆ.

ಎರಡನೆಯ ಹೆಜ್ಜೆ: ಪಗಾರವನ್ನು ಬಿಡಿಸಿ ನೋಡಿರಿ

ಬದಲಾವಣೆಗಳಲ್ಲೆಲ್ಲ ಹೆಚ್ಚು ದೂರ ಮುಟ್ಟುವುದು ‘ವೇತನ’ ಎಂಬ ಪದದ ಹೊಸ ವ್ಯಾಖ್ಯೆ, ಏಕೆಂದರೆ ಈಗ ನಾಲ್ಕೂ ಸಂಹಿತೆಗಳಲ್ಲಿ ಆ ಪದಕ್ಕೆ ಬಹುತೇಕ ಒಂದೇ ಅರ್ಥ. ಮೂಲ ವೇತನ, ತುಟ್ಟಿಭತ್ಯೆ ಮತ್ತು ರಿಟೇನಿಂಗ್ ಭತ್ಯೆ (ಕೆಲಸವಿಲ್ಲದ ಅವಧಿಯಲ್ಲಿ ನೌಕರರನ್ನು ಉಳಿಸಿಕೊಳ್ಳಲು ಕೊಡುವ ಹಣ) ವೇತನದಲ್ಲಿ ಸೇರುತ್ತವೆ. ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಓವರ್‌ಟೈಮ್, ಕಮಿಷನ್, ಮಾಲೀಕರ ಭವಿಷ್ಯ ನಿಧಿ ವಂತಿಗೆ, ಕಾನೂನುಬದ್ಧ ಬೋನಸ್ ಮುಂತಾದವು ಹೊರಗೆ ಉಳಿಯುತ್ತವೆ. ಆದರೆ ಹೀಗೆ ಹೊರಗಿಟ್ಟ ಬಾಬತ್ತುಗಳ ಮೊತ್ತ ಒಟ್ಟು ಸಂಭಾವನೆಯ ಶೇ. 50ನ್ನು ಮೀರಿದರೆ, ಮೀರಿದಷ್ಟು ಹಣ ವೇತನಕ್ಕೆ ಸೇರಿಕೊಳ್ಳುತ್ತದೆ. ಹೊರಗಿಡುವ ಪಟ್ಟಿಯಲ್ಲಿ ಇಲ್ಲದ ‘ವಿಶೇಷ ಭತ್ಯೆ’ಯಂತಹ ಹೆಸರುಗಳು ಮೊದಲಿನಿಂದಲೇ ವೇತನದ ಭಾಗ ಎಂಬುದನ್ನೂ ನೆನಪಿಡಬೇಕು.

ಲೆಕ್ಕ ಹಾಕಿ ನೋಡೋಣ. ಸಿಎನ್‌ಸಿ ಮಷಿನ್ ನೋಡಿಕೊಳ್ಳುವ ಒಬ್ಬ ನೌಕರರಿಗೆ ತಿಂಗಳಿಗೆ ಒಟ್ಟು 40,000 ರೂಪಾಯಿ ಸಿಗುತ್ತದೆ ಎನ್ನಿ. ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,000, ಮನೆ ಬಾಡಿಗೆ ಭತ್ಯೆ 15,000, ಪ್ರಯಾಣ ಭತ್ಯೆ 6,000, ಕಮಿಷನ್ 4,000. ಹೊರಗಿಟ್ಟ ಮೊತ್ತ 25,000 ಆಯಿತು. ಒಟ್ಟು ಸಂಭಾವನೆಯ ಅರ್ಧ 20,000. ಹೆಚ್ಚಾದ 5,000 ವೇತನಕ್ಕೆ ಸೇರಿ, ಕಾನೂನಿನ ಕಣ್ಣಿನಲ್ಲಿ ಅವರ ವೇತನ 15,000 ಅಲ್ಲ, 20,000 ಆಗುತ್ತದೆ. ಭವಿಷ್ಯ ನಿಧಿಯನ್ನು 15,000 ರೂಪಾಯಿಯ ಶಾಸನಬದ್ಧ ಮಿತಿಯ ಮೇಲೆ ಕಟ್ಟುತ್ತಿದ್ದರೆ ಅಲ್ಲಿ ಏನೂ ಬದಲಾಗುವುದಿಲ್ಲ, ಕೈಗೆ ಬರುವ ಪಗಾರವೂ ಇಳಿಯುವುದಿಲ್ಲ. ಬದಲಾಗುವುದು ಗ್ರಾಚ್ಯುಟಿ. ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸುವ ಸೂತ್ರದಂತೆ, 10 ವರ್ಷದ ಸೇವೆಗೆ ಹಿಂದೆ 86,538 ರೂಪಾಯಿ ಬರುತ್ತಿದ್ದುದು ಈಗ 1,15,385 ಆಗುತ್ತದೆ. ಓವರ್‌ಟೈಮ್ ದರವೂ ಇದೇ ವೇತನದ ಎರಡು ಪಟ್ಟು. ದಿನಕ್ಕೆ 8 ಗಂಟೆ, ತಿಂಗಳಿಗೆ 26 ದಿನ ಎಂದು ಹಿಡಿದರೆ ಗಂಟೆಗೆ 192 ರೂಪಾಯಿ ಆಗುತ್ತದೆ.

ಉದ್ಯಮಬಾಗದ ಬಹುಪಾಲು ಚಿಕ್ಕ ವರ್ಕ್‌ಶಾಪುಗಳಲ್ಲಿ ಇಂತಹ ವಿಂಗಡಣೆಯೇ ಇರುವುದಿಲ್ಲ. ‘ನಿನಗೆ ತಿಂಗಳಿಗೆ ಹದಿನೆಂಟು ಸಾವಿರ’ ಎಂಬ ಒಂದೇ ಮಾತು. ಅಂತಹ ಕಡೆ ಆ ಹದಿನೆಂಟು ಸಾವಿರವೂ ವೇತನವೇ ಆದ್ದರಿಂದ ಹೊಸ ವ್ಯಾಖ್ಯೆಯಿಂದ ಆಗುವ ಬದಲಾವಣೆ ಕಡಿಮೆ. ಯಾರೋ ಸಲಹೆ ಕೊಟ್ಟರೆಂದು ಈಗ ಅವಸರದಲ್ಲಿ ಅದನ್ನು ನಾಲ್ಕು ಭತ್ಯೆಗಳಾಗಿ ಒಡೆಯಲು ಹೋಗಬೇಡಿರಿ. ಹಾಗೆ ಒಡೆದಾಗ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಮೊತ್ತ ಕನಿಷ್ಠ ವೇತನಕ್ಕಿಂತ ಕೆಳಗೆ ಬಂದರೆ, ಇಲ್ಲದ ಹೊಸ ತಪ್ಪೊಂದನ್ನು ನೀವೇ ಬರೆದು ಸಹಿ ಮಾಡಿದಂತಾಗುತ್ತದೆ.

ಮೂರನೆಯ ಹೆಜ್ಜೆ: ಕನಿಷ್ಠ ವೇತನದೊಂದಿಗೆ ತಾಳೆ ನೋಡಿರಿ

ಹಳೆಯ ಕಾನೂನಿನಲ್ಲಿ ಅನುಸೂಚಿಯಲ್ಲಿ ಹೆಸರಿಸಿದ ಉದ್ಯೋಗಗಳಿಗೆ ಮಾತ್ರ ಕನಿಷ್ಠ ವೇತನವಿತ್ತು; ವೇತನ ಸಂಹಿತೆ ಅದನ್ನು ಎಲ್ಲ ನೌಕರರಿಗೂ ವಿಸ್ತರಿಸಿದೆ, ಜೊತೆಗೆ ಕೇಂದ್ರ ಸರ್ಕಾರ ನಿಗದಿಪಡಿಸುವ ತಳಮಟ್ಟದ ವೇತನಕ್ಕಿಂತ ಯಾವ ರಾಜ್ಯದ ದರವೂ ಕಡಿಮೆಯಿರಬಾರದು. ಕರ್ನಾಟಕದ ಅಧಿಸೂಚನೆಗಳಲ್ಲಿ ಉದ್ಯೋಗ, ಕೌಶಲದ ದರ್ಜೆ ಮತ್ತು ವಲಯಕ್ಕೆ ತಕ್ಕಂತೆ ದರಗಳಿರುತ್ತವೆ, ಮತ್ತು ಪ್ರತಿ ವರ್ಷ ಏಪ್ರಿಲ್ 1ರಿಂದ ತುಟ್ಟಿಭತ್ಯೆ ಬೆಲೆ ಸೂಚ್ಯಂಕಕ್ಕೆ ಅನುಗುಣವಾಗಿ ಪರಿಷ್ಕೃತವಾಗುತ್ತದೆ. ಮಾರ್ಚ್ ತಿಂಗಳ ಪಗಾರ ಕೊಟ್ಟೊಡನೆ ಹೊಸ ಪಟ್ಟಿಯನ್ನು ಕಾರ್ಮಿಕ ಇಲಾಖೆಯ ಜಾಲತಾಣದಿಂದ ಇಳಿಸಿಕೊಂಡು, ಮೊದಲ ಹಾಳೆಯ ಪ್ರತಿ ಹೆಸರಿನ ಮುಂದೆ ಅನ್ವಯಿಸುವ ದರವನ್ನು ಬರೆಯುವ ರೂಢಿ ಇಟ್ಟುಕೊಳ್ಳಿರಿ. ಮೋಲ್ಡಿಂಗ್ ಪೆಟ್ಟಿಗೆಯ ಲೆಕ್ಕದಲ್ಲಿಯೋ, ಎರಕದ ಕಿಲೋ ಲೆಕ್ಕದಲ್ಲಿಯೋ ಕೂಲಿ ಕೊಡುವವರೂ ತಿಂಗಳ ಕೊನೆಗೆ ಅದು ದಿನದ ಕನಿಷ್ಠ ದರಕ್ಕೆ ಮುಟ್ಟಿದೆಯೇ ಎಂದು ನೋಡಲೇಬೇಕು. ಒಂದೇ ಕೆಲಸಕ್ಕೆ ಹೆಣ್ಣುಮಕ್ಕಳಿಗೆ ಕಡಿಮೆ, ಗಂಡಸರಿಗೆ ಹೆಚ್ಚು ಎಂಬ ಹಳೆಯ ಪದ್ಧತಿ ಇನ್ನೂ ಇದ್ದರೆ ಅದನ್ನು ನಿಲ್ಲಿಸಬೇಕು. ಸರಿಸಮ ಮಾಡುವ ನೆಪದಲ್ಲಿ ಯಾರ ದರವನ್ನೂ ಇಳಿಸುವಂತಿಲ್ಲ.

ಕಡಿಮೆ ವೇತನ ಕೊಟ್ಟದ್ದಕ್ಕೆ ದಂಡ 50,000 ರೂಪಾಯಿವರೆಗೆ. 5 ವರ್ಷಗಳೊಳಗೆ ಅದೇ ತಪ್ಪು ಮರುಕಳಿಸಿದರೆ 3 ತಿಂಗಳವರೆಗೆ ಸೆರೆವಾಸ, ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ನೌಕರರು ಬಾಕಿಗಾಗಿ 3 ವರ್ಷಗಳವರೆಗೆ ಹಿಂದಕ್ಕೆ ಹೋಗಿ ಅರ್ಜಿ ಹಾಕಬಹುದು, ಬಾಕಿಯ 10 ಪಟ್ಟಿನವರೆಗೆ ಪರಿಹಾರವನ್ನು ಆದೇಶಿಸುವ ಅಧಿಕಾರವೂ ಪ್ರಾಧಿಕಾರಕ್ಕಿದೆ. ದಂಡಕ್ಕಿಂತ ಮಾಲೀಕರು ಹೆಚ್ಚು ಅಂಜಬೇಕಾದದ್ದು ಈ ಹತ್ತು ಪಟ್ಟಿಗೆ.

ನಾಲ್ಕನೆಯ ಹೆಜ್ಜೆ: ಉಚಲ್ ವಹಿಯನ್ನು ನೇರಗೊಳಿಸಿರಿ

ನಮ್ಮ ಭಾಗದಲ್ಲಿ ಮಗಳ ಮದುವೆಗೆ, ಮನೆಯ ಪಾಯಕ್ಕೆ, ಆಸ್ಪತ್ರೆಗೆ ಎಂದು ಮಾಲೀಕರಿಂದ ಮುಂಗಡ ಪಡೆಯುವುದು ಹಳೆಯ ರೂಢಿ. ಅದನ್ನೇ ಉಚಲ್ ಎನ್ನುತ್ತೇವೆ. ಅದರಲ್ಲಿ ತಪ್ಪೇನಿಲ್ಲ, ಮುಂಗಡದ ವಸೂಲಿಗೆ ಸಂಹಿತೆಯಲ್ಲಿ ಅವಕಾಶವೂ ಇದೆ. ಆದರೆ ಒಂದು ವೇತನ ಅವಧಿಯಲ್ಲಿ ಎಲ್ಲ ಕಡಿತಗಳೂ ಸೇರಿ ವೇತನದ ಶೇ. 50ನ್ನು ಮೀರಬಾರದು. ದೀಪಾವಳಿಗೆ ಕೊಟ್ಟ ಮೂವತ್ತು ಸಾವಿರವನ್ನು ಎರಡೇ ತಿಂಗಳಲ್ಲಿ ಮುರಿದುಕೊಳ್ಳುವ ಲೆಕ್ಕ ಇನ್ನು ನಡೆಯುವುದಿಲ್ಲ.

ನಾನು ಲೆಕ್ಕ ನೋಡುವ ಒಂದು ಘಟಕದಲ್ಲಿ ಹನ್ನೊಂದು ವರ್ಷ ದುಡಿದ ಫಿಟ್ಟರ್ ಕೆಲಸ ಬಿಟ್ಟಾಗ, ಮಾಲೀಕರ ವಹಿಯಲ್ಲಿ 46,000 ರೂಪಾಯಿ ಉಚಲ್ ಬಾಕಿ ಇತ್ತು, ಫಿಟ್ಟರ್ ಅವರ ನೆನಪಿನಲ್ಲಿ 20,000 ಮಾತ್ರ. ವಹಿಯಲ್ಲಿ ಒಂದೇ ಒಂದು ಸಹಿ ಇರಲಿಲ್ಲ. ಇಬ್ಬರೂ ಸುಳ್ಳು ಹೇಳುವವರಲ್ಲ. ಆರು ವರ್ಷಗಳಲ್ಲಿ ಐದು ನೂರು, ಸಾವಿರ ಎಂದು ಕೊಟ್ಟದ್ದು, ಮುರಿದದ್ದು, ಮತ್ತೆ ಕೊಟ್ಟದ್ದು ಎಲ್ಲ ಕಲಸಿಹೋಗಿತ್ತು. ಕೊನೆಗೆ ಸಹಿಯಿಲ್ಲದ ಮೊತ್ತವನ್ನು ಮಾಲೀಕರು ಬಿಟ್ಟುಕೊಡಬೇಕಾಯಿತು, ಅದಕ್ಕಿಂತ ಹೆಚ್ಚಾಗಿ ಒಬ್ಬರಿಗೊಬ್ಬರು ಮುಖ ನೋಡದಂತಾದರು.

ಆದ್ದರಿಂದ ಈ ತಿಂಗಳೇ ಪ್ರತಿಯೊಬ್ಬರನ್ನೂ ಕೂರಿಸಿಕೊಂಡು ಬಾಕಿ ಎಷ್ಟೆಂದು ಒಪ್ಪಿಕೊಂಡು, ತಾರೀಖು ಹಾಕಿ, ಇಬ್ಬರೂ ಸಹಿ ಮಾಡಿರಿ. ಮುಂದಿನ ಪ್ರತಿ ಉಚಲ್ಲಿಗೂ ಕಂತು ಎಷ್ಟು, ಎಷ್ಟು ತಿಂಗಳು ಎಂಬುದನ್ನು ಕೊಡುವ ದಿನವೇ ಬರೆಯಿರಿ. ಸಾಧ್ಯವಾದರೆ ನಗದಿನ ಬದಲು ಬ್ಯಾಂಕ್ ಖಾತೆಗೆ ಹಾಕಿರಿ. ತಡವಾಗಿ ಬಂದದ್ದಕ್ಕೆ, ಡ್ರಿಲ್ ಬಿಟ್ ಮುರಿದದ್ದಕ್ಕೆ ಮನಸ್ಸಿಗೆ ಬಂದಂತೆ ದಂಡ ಹಿಡಿಯುವ ಅಭ್ಯಾಸವನ್ನೂ ಬಿಡಬೇಕಾಗುತ್ತದೆ. ಯಾವ ತಪ್ಪಿಗೆ ದಂಡ ಎಂಬುದು ಅನುಮೋದನೆ ಪಡೆದು ಪ್ರಕಟಿಸಿದ ಸೂಚನೆಯಲ್ಲಿ ಇರಬೇಕು, ನೌಕರರ ವಿವರಣೆ ಕೇಳಬೇಕು, ಮೊತ್ತ ಆ ಅವಧಿಯ ವೇತನದ ಶೇ. 3ನ್ನು ಮೀರಬಾರದು, 90 ದಿನ ಕಳೆದ ಮೇಲೆ ಅದನ್ನು ವಸೂಲು ಮಾಡುವಂತಿಲ್ಲ.

ಕೆಲಸ ಬಿಟ್ಟವರ ಅಥವಾ ಬಿಡಿಸಿದವರ ವೇತನದ ಲೆಕ್ಕವನ್ನು 2 ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕೆಂಬುದು ಹೊಸ ನಿಯಮ. ‘ಮುಂದಿನ ತಿಂಗಳು ಪಗಾರದ ಜೊತೆಗೆ ಬಂದು ಒಯ್ಯಿ’ ಎನ್ನುವಂತಿಲ್ಲ. ಉಚಲ್ ವಹಿ ಪ್ರತಿ ತಿಂಗಳು ಮುಗಿಯದಿದ್ದರೆ ಎರಡು ದಿನದಲ್ಲಿ ಲೆಕ್ಕ ಮುಗಿಸುವುದು ಸಾಧ್ಯವೇ ಇಲ್ಲ. ಗ್ರಾಚ್ಯುಟಿಗೆ ಮಾತ್ರ 30 ದಿನಗಳ ಕಾಲಾವಕಾಶವಿದೆ.

ಐದನೆಯ ಹೆಜ್ಜೆ: ನೇಮಕಾತಿ ಪತ್ರ ಮತ್ತು ಪಗಾರ ಚೀಟಿ

10 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆ ಪ್ರತಿ ನೌಕರರಿಗೂ ನೇಮಕಾತಿ ಪತ್ರ ಕೊಡಬೇಕು. ಹಳಬರಿಗೂ ಸಂಹಿತೆ ಜಾರಿಯಾದ 3 ತಿಂಗಳೊಳಗೆ ಕೊಡಬೇಕೆಂದು ಕಾನೂನು ಹೇಳಿದೆ. ಇನ್ನೂ ಕೊಡದವರು ಇಂದೇ ಬರೆಯಲು ಕೂರುವುದು ಒಳ್ಳೆಯದು. ಹೆಸರು, ಹುದ್ದೆ, ಕೌಶಲದ ದರ್ಜೆ, ಸೇರಿದ ದಿನಾಂಕ, ವೇತನದ ವಿವರ, ಕೆಲಸದ ವೇಳೆ, ವಾರದ ಸೂಟಿ, ಭವಿಷ್ಯ ನಿಧಿ ಮತ್ತು ಇಎಸ್‌ಐ ಸಂಖ್ಯೆಗಳು ಅದರಲ್ಲಿರಲಿ. ಸೇರಿದ ದಿನಾಂಕವನ್ನು ಇಂದಿನದಾಗಿ ಬರೆದು ಹಿಂದಿನ ಸೇವೆಯನ್ನು ಅಳಿಸುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಹಳೆಯ ಇಎಸ್‌ಐ ದಾಖಲೆ, ಬ್ಯಾಂಕ್ ಪಾಸ್‌ಬುಕ್, ಪಕ್ಕದ ಶೆಡ್ಡಿನವರ ಮಾತು ಎಲ್ಲವೂ ಅದರ ವಿರುದ್ಧ ನಿಲ್ಲುತ್ತವೆ. ಬೆಳಗಾವಿಯ ಫೌಂಡ್ರಿಗಳಲ್ಲಿ ಕನ್ನಡ, ಮರಾಠಿ ಮಾತನಾಡುವವರ ಜೊತೆಗೆ ಉತ್ತರ ಭಾರತದಿಂದ ಬಂದವರೂ ದುಡಿಯುವುದರಿಂದ, ಪತ್ರದ ವಿಷಯವನ್ನು ಅವರವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿ ಸಹಿ ಪಡೆಯಿರಿ.

ಗೊತ್ತಾದ ಅವಧಿಗೆ ಮಾತ್ರ ಜನ ಬೇಕಾದಾಗ ನಿಶ್ಚಿತ ಅವಧಿಯ ನೇಮಕಕ್ಕೆ ಅವಕಾಶವಿದೆ. ಆದರೆ ಅವರಿಗೂ ಕಾಯಂ ನೌಕರರಷ್ಟೇ ವೇತನ, ಸೌಲಭ್ಯ. 1 ವರ್ಷ ಪೂರೈಸಿದರೆ ಗ್ರಾಚ್ಯುಟಿಯೂ ಬರುತ್ತದೆ, ಉಳಿದವರಿಗೆ ಇರುವಂತೆ 5 ವರ್ಷ ಬೇಕಿಲ್ಲ. ಪಗಾರ ಚೀಟಿಯ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ: ಕಾಗದದಲ್ಲಿ ಕೊಡಿರಿ ಅಥವಾ ಮೊಬೈಲಿಗೆ ಕಳುಹಿಸಿರಿ, ತಪ್ಪದೆ ಕೊಡಿರಿ.

ರಜೆಯ ಲೆಕ್ಕ ಸ್ವಲ್ಪ ಬದಲಾಗಿದೆ. ವರ್ಷಕ್ಕೆ 240 ದಿನ ಕೆಲಸ ಮಾಡಿದವರಿಗೆ ಸಿಗುತ್ತಿದ್ದ ವಾರ್ಷಿಕ ರಜೆ ಈಗ 180 ದಿನಕ್ಕೇ ಸಿಗುತ್ತದೆ, ದರ ಮೊದಲಿನಂತೆ 20 ದಿನಕ್ಕೆ 1. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಮತ್ತು ಇನ್ನೂ 5 ಹಬ್ಬದ ರಜೆಗಳನ್ನು ಕೊಡಬೇಕೆನ್ನುವ 1963ರ ರಾಜ್ಯ ಕಾನೂನು ಪ್ರತ್ಯೇಕವಾಗಿ ಇದೆ. ತಿಂಗಳಿಗೆ 1 ದಿನದ ವೇತನ ಸಹಿತ ಮುಟ್ಟಿನ ರಜೆಯ ಬಗ್ಗೆ ರಾಜ್ಯ ಸರ್ಕಾರ 2025ರ ನವೆಂಬರ್‌ನಲ್ಲಿ ಆದೇಶ ಹೊರಡಿಸಿದ್ದು, ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಅರ್ಜಿಯೂ ಸಲ್ಲಿಕೆಯಾಗಿದೆ. ಹೆಣ್ಣುಮಕ್ಕಳು ದುಡಿಯುವ ಘಟಕಗಳು ಹಾಜರಿ ಪುಸ್ತಕದಲ್ಲಿ ಅದಕ್ಕೊಂದು ಅಂಕಣ ಇಡುವುದರಿಂದ ನಷ್ಟವಿಲ್ಲ. ರಾತ್ರಿ 7ರ ನಂತರ ಬೆಳಿಗ್ಗೆ 6ರ ಒಳಗೆ ಹೆಣ್ಣುಮಕ್ಕಳನ್ನು ಕೆಲಸಕ್ಕೆ ಕರೆಯುವುದಾದರೆ ಅವರ ಒಪ್ಪಿಗೆ ಮತ್ತು ಸುರಕ್ಷತೆಯ ಏರ್ಪಾಡು ಬೇಕು. ನಿಯಮಗಳು ಹೇಳುವ ವಯಸ್ಸಿನವರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸುವುದೂ ಮಾಲೀಕರ ಹೊಣೆ. ಮರಳಿನ ಧೂಳಿನಲ್ಲಿ ದುಡಿಯುವ ಫೌಂಡ್ರಿಯವರಿಗೆ ಎದೆಯ ಎಕ್ಸ್‌ರೇಯನ್ನು ವಯಸ್ಸು ನೋಡದೆ ಮಾಡಿಸಬೇಕೆಂಬುದು ನನ್ನ ಅಭಿಪ್ರಾಯ.

ಆರನೆಯ ಹೆಜ್ಜೆ: ದರ ಪಟ್ಟಿಯಲ್ಲಿ ಪಗಾರದ ನಿಜವಾದ ಬೆಲೆ

ಇಷ್ಟಾದ ಮೇಲೆ ಖರ್ಚಿನ ಪ್ರಶ್ನೆಗೆ ಉತ್ತರ ಹೇಳಬಹುದು. 20ಕ್ಕಿಂತ ಹೆಚ್ಚು ಜನರಿರುವ ಘಟಕದಲ್ಲಿ, ಭವಿಷ್ಯ ನಿಧಿಯ ಸದಸ್ಯರಾಗಿರುವ, 18,000 ವೇತನದ ಒಬ್ಬ ಟರ್ನರ್ ಅವರನ್ನು ತೆಗೆದುಕೊಳ್ಳಿ. 15,000ದ ಮಿತಿಯ ಮೇಲೆ ಭವಿಷ್ಯ ನಿಧಿ ಶೇ. 12, ಅದರ ವಿಮೆ ಮತ್ತು ಆಡಳಿತ ಶುಲ್ಕ ತಲಾ ಶೇ. ಅರ್ಧ, ಒಟ್ಟು 1,950 ರೂಪಾಯಿ. ಇಎಸ್‌ಐ ಮಾಲೀಕರ ಪಾಲು ಶೇ. 3.25ರಂತೆ 585. ಕನಿಷ್ಠ ಬೋನಸ್ ಶೇ. 8.33ನ್ನು ಪೂರ್ತಿ ವೇತನದ ಮೇಲೆ ಹಿಡಿದರೆ ತಿಂಗಳಿಗೆ 1,499. ಗ್ರಾಚ್ಯುಟಿಗೆ ತೆಗೆದಿಡಬೇಕಾದದ್ದು 865. ಅಂದರೆ 18,000ದ ಟರ್ನರ್ ಮಾಲೀಕರಿಗೆ ತಿಂಗಳಿಗೆ ಸುಮಾರು 22,900 ರೂಪಾಯಿ ಬೀಳುತ್ತಾರೆ, ರಜೆಯ ವೇತನ ಬೇರೆ. ಜಾಬ್‌ವರ್ಕಿನ ದರವನ್ನು 18,000ದ ಮೇಲೆ ಕಟ್ಟುತ್ತ ಬಂದವರು ಪ್ರತಿ ತುಣುಕಿನ ಮೇಲೂ ನಷ್ಟ ಮಾಡಿಕೊಳ್ಳುತ್ತಿದ್ದಾರೆ ಎಂದೇ ಅರ್ಥ; ಇದರ ಬಹುಪಾಲು ಹಳೆಯ ಕಾನೂನಿನಲ್ಲಿಯೂ ಇತ್ತು, ನಾವು ಲೆಕ್ಕ ಹಾಕಿರಲಿಲ್ಲ ಅಷ್ಟೇ.

ಈ ಲೆಕ್ಕವನ್ನು ಮಷಿನ್ ಗಂಟೆಯ ದರಕ್ಕೆ ಇಳಿಸಿ, ಕೊಲ್ಲಾಪುರ, ಪುಣೆಯ ಖರೀದಿದಾರರ ಮುಂದೆ ಕಾಗದದಲ್ಲಿಯೇ ಇಡಿರಿ. ‘ಎಲ್ಲದರ ಬೆಲೆ ಏರಿದೆ’ ಎಂಬ ಮಾತಿಗೆ ಖರೀದಿ ವಿಭಾಗದವರು ಕಿವಿಗೊಡುವುದಿಲ್ಲ, ಬಾಬತ್ತುವಾರು ಹಾಳೆಗೆ ಉತ್ತರ ಕೊಡಲೇಬೇಕಾಗುತ್ತದೆ. ತಿಂಗಳ ಪಗಾರ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಮುಟ್ಟಬೇಕಾದ್ದರಿಂದ ಬಿಲ್ ಹಣ ಬರುವ ದಿನವೂ ಅಷ್ಟೇ ಮುಖ್ಯ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಇರುವ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಕೊಡಬೇಕೆಂದು 2006ರ ಕಾನೂನು ಹೇಳುತ್ತದೆ. ತಡ ಮಾಡಿ, ವರ್ಷದ ಕೊನೆಗೂ ಹಣ ಕೊಡದ ಖರೀದಿದಾರರಿಗೆ ಆ ವರ್ಷ ಆದಾಯ ತೆರಿಗೆಯಲ್ಲಿ ಆ ಖರ್ಚಿನ ಕಡಿತ ಸಿಗುವುದಿಲ್ಲ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಮುದ್ರಿಸದವರು ಈ ರಕ್ಷಣೆಯನ್ನು ತಾವೇ ಬಿಟ್ಟುಕೊಟ್ಟಂತೆ.

ಇಎಸ್‌ಐ ಮಿತಿಯ ಬಗ್ಗೆ ಒಂದು ಎಚ್ಚರಿಕೆ. ಪಗಾರ ಏರಿಸಿದಾಗ ಯಾರಾದರೂ 21,000 ದಾಟಿದರೆ ಅವರನ್ನು ಅದೇ ತಿಂಗಳು ಪಟ್ಟಿಯಿಂದ ತೆಗೆಯಬಾರದು. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂಬ ವಂತಿಗೆ ಅವಧಿ ಮುಗಿಯುವವರೆಗೂ ಕಟ್ಟಬೇಕು.

ಪರಿಶೀಲನೆಗೆ ಬರುವ ಅಧಿಕಾರಿಯನ್ನು ಈಗ ‘ನಿರೀಕ್ಷಕ ಮತ್ತು ಸುಗಮಕಾರ’ ಎಂದು ಕರೆಯಲಾಗಿದೆ. ವೇತನ ಸಂಹಿತೆಯಡಿ ಮೊಕದ್ದಮೆ ಹೂಡುವ ಮೊದಲು ಅವರು ತಪ್ಪನ್ನು ಸರಿಪಡಿಸಿಕೊಳ್ಳಲು ಲಿಖಿತ ಸೂಚನೆ ಮತ್ತು ಕಾಲಾವಕಾಶ ಕೊಡಬೇಕು. 5 ವರ್ಷಗಳೊಳಗೆ ಅದೇ ತಪ್ಪು ಮರುಕಳಿಸಿದವರಿಗೆ ಈ ಅವಕಾಶವಿಲ್ಲ. ಹೆಸರಿನ ಹಾಳೆ, ನೇಮಕಾತಿ ಪತ್ರಗಳ ಪ್ರತಿ, ಹಾಜರಿ, ಪಗಾರದ ವಹಿ, ಸಹಿಯಾದ ಉಚಲ್ ಚೀಟಿಗಳು, ಭವಿಷ್ಯ ನಿಧಿ ಮತ್ತು ಇಎಸ್‌ಐ ಚಲನ್‌ಗಳನ್ನು ಒಂದೇ ಫೈಲಿನಲ್ಲಿ ಇಡಿರಿ, ಮತ್ತು ಆ ಫೈಲು ಮಾಲೀಕರ ಮನೆಯ ಕಪಾಟಿನಲ್ಲಿ ಅಲ್ಲ, ಶೆಡ್ಡಿನ ಆಫೀಸಿನಲ್ಲಿ ಇರಲಿ.

ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕಾದ ತಾರೀಖುಗಳು ಇಷ್ಟೇ: ಪ್ರತಿ ತಿಂಗಳು 7ಕ್ಕೆ ಪಗಾರ, 15ಕ್ಕೆ ಭವಿಷ್ಯ ನಿಧಿ ಮತ್ತು ಇಎಸ್‌ಐ, ಏಪ್ರಿಲ್ 1ಕ್ಕೆ ಹೊಸ ತುಟ್ಟಿಭತ್ಯೆ, ಮತ್ತು ಮಾರ್ಚ್ 31ಕ್ಕೆ ಲೆಕ್ಕ ಮುಗಿಸುವವರಿಗೆ ಬೋನಸ್ ಕೊಡಲು ನವೆಂಬರ್ 30. ಈ ಕೊನೆಯದನ್ನು ಕಾನೂನಿನ ತಾರೀಖಿಗೆ ಬಿಡದೆ ಲಕ್ಷ್ಮೀಪೂಜೆಯ ಹಿಂದಿನ ವಾರಕ್ಕೇ ಗುರುತು ಮಾಡಿಕೊಂಡು, ಏಪ್ರಿಲ್‌ನಿಂದಲೇ 18,000 ವೇತನದವರಾದರೆ ತಲೆಗೆ ತಿಂಗಳಿಗೆ 1,499ರಂತೆ ಬೇರೆ ಖಾತೆಯಲ್ಲಿ ಹಾಕುತ್ತ ಬನ್ನಿರಿ.